ಬೋಳು ಹಣೆಯ ಪುಟ

ಆ ಬೆಳಿಗ್ಗೆ ಮಸ್ಕಿಯ ಮೇಲೆ ಮೋಡ ಕವಿದು ಕೂತಿತ್ತು. ಸುರಿಯುವ ಮೋಡವಲ್ಲ, ಬರೀ ಹೆದರಿಸುವ ಮೋಡ. ರಸ್ತೆಯ ಮೇಲೆ ಭತ್ತ ಹರವಿದವರು ತಾಡಪಾಲು ಎಳೆಯುವುದು, ತೆಗೆಯುವುದು, ಶಿವನೇ ಎಂದು ಮತ್ತೆ ಎಳೆಯುವುದು ನಡೆದಿತ್ತು. ಅದೇ ಹೊತ್ತಿಗೆ ಗಾದಿಲಿಂಗ ಜಳಕ ಮುಗಿಸಿ ಬಂದು, ಕಟ್ಟೆಯ ಮೇಲೆ ತೆರೆದೇ ಇಟ್ಟಿದ್ದ ಲ್ಯಾಪ್‌ಟಾಪಿನ ಮುಂದೆ ಕೂತು, ಬರೆದ ಪ್ರೋಗ್ರಾಮನ್ನು ಓಡಿಸಲು ಕಂಪೈಲ್ ಒತ್ತಿದ. ಗೂಡಿಗೆ ಕೋಲು ಹಾಕಿದ ಕೆಂಪಿರುವೆಗಳಂತೆ ಪರದೆಯ ತುಂಬ ತಪ್ಪು ತೋರಿಸುವ ಕೆಂಪಕ್ಷರ ಹರಿದಾಡಿದವು.

ಸಿಂಧನೂರಿನ ರೈಸ್ ಮಿಲ್ಲಿನ ಮಾಲಕ ಆದಪ್ಪ ಸಂಜೆಗೆ ಬರುವವನಿದ್ದ. ಮಿಲ್ಲಿನ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ ಕಾಯುವ ರೈತರಿಗೆ ಅವರವರ ಪಾಳಿ ಮೊಬೈಲಿನಲ್ಲೇ ಕಾಣುವಂಥ ವೆಬ್‌ಸೈಟನ್ನು ಗಾದಿಲಿಂಗ ಸ್ಕಾಲಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕಟ್ಟಿದ್ದ. ಆದಪ್ಪ ಒಪ್ಪಿದರೆ ಕೆಲಸ ಇವನದು. ಇಲ್ಲದಿದ್ದರೆ ಈ ಬಾಡಿಗೆ ಖೋಲಿ ಬಿಟ್ಟು, ಲಿಂಗಸುಗೂರಿನಲ್ಲಿ ಸೋದರಮಾವನ ಗೊಬ್ಬರದಂಗಡಿಯಲ್ಲಿ ಯೂರಿಯಾ ಚೀಲ ಎಣಿಸುತ್ತ ಕೂಡಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ನಿನ್ನೆ ಬಿಲ್ಡ್ ಫೈಲಿನಲ್ಲಿ ಸ್ಕಾಲಾದ ಆವೃತ್ತಿ ಬದಲಿಸಿದ್ದು ಅವನಿಗೆ ನೆನಪಾಯಿತು. ದೋಷ ಅಲ್ಲೇ ಎಂದು ಹಳೆಯದನ್ನು ಹಾಕಿದ. ಕೆಂಪು. ಹೊಸದನ್ನು ಹಾಕಿದ. ಕೆಂಪು. ಪುಟದ ಅಚ್ಚಾದ ಟೆಂಪ್ಲೇಟನ್ನು ಓದುವ ಪ್ಲಗಿನ್ನನ್ನೇ ಕಿತ್ತು ಮತ್ತೆ ಹಚ್ಚಿದ. ಕೆಂಪು ಇನ್ನಷ್ಟು ಉದ್ದವಾಯಿತು.

"ಏನಂತೈತಿ ಅದು?" ಪಕ್ಕದ ಟೇಲರ್ ಮಕ್ತುಮ್‌ಸಾಬ್ ಟೇಪು ಕೊರಳಿಗೆ ಹಾಕಿಕೊಂಡೇ ಬಂದ.

"ನಡುವಿನ ಸಾಲಿನ್ಯಾಗ 'ರೈತ' ಅಂತ ಐತಲ್ಲ, ಅಂವ ಯಾರು ನನಗ ಗೊತ್ತಿಲ್ಲ ಅಂತೈತಿ."

"ಭತ್ತದ ಸೀಮ್ಯಾಗ ಕುಂತು ರೈತ ಗೊತ್ತಿಲ್ಲ ಅಂತೈತಾ? ಬಾಳ ಸೊಕ್ಕು ಬಂದೈತಿ ಬಿಡು ಇದಕ್ಕ."

ಮನೆಯೊಡತಿ ಶೇಖರಮ್ಮ ಬಾಗಿಲಲ್ಲೇ ನಿಂತು ನೋಡಿದಳು. "ದೃಷ್ಟಿ ಆಗೈತಿ ನೋಡಪಾ. ನಿನ್ನೆ ಎಲ್ಲಾರ ಮುಂದ ತೋರಿಸಿಕೋಂತ ಅಡ್ಡಾಡಿದಿ." ಉಪ್ಪು ಮೆಣಸಿನಕಾಯಿ ತಂದು ಲ್ಯಾಪ್‌ಟಾಪಿಗೆ ನೀವಾಳಿಸಿದಳು. ಒಲೆಗೆ ಹಾಕಿದ ಮೆಣಸಿನಕಾಯಿಗೆ ಓಣಿಯೆಲ್ಲ ಕೆಮ್ಮಿತು. ಜಾರಿದ ಉಪ್ಪಿನ ಹರಳೊಂದು ಕೀಬೋರ್ಡಿನ ಸಂದಿಗೆ ಬಿದ್ದು, ಮುಂದೆ ಪ್ರತಿ ಸಾಲಿಗೂ ಕರಕರ ಸದ್ದು ಬರತೊಡಗಿತು.

ಗಾದಿಲಿಂಗ ಕೊನೆಗೆ ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳನ್ನೆಲ್ಲ ಅಳಿಸಿ ಮೊದಲಿನಿಂದ ಇಳಿಸಿಕೊಳ್ಳಲು ಹೊರಟ. ಅರ್ಧಕ್ಕೆ ಅವನ ನೆಟ್ ಮುಗಿಯಿತು. ಮಕ್ತುಮ್‌ಸಾಬ್ ತನ್ನ ಮೊಬೈಲಿನ ನೆಟ್ ಕೊಟ್ಟ. ಆದರೆ ಯಾರಾದರೂ ಜಂಪರ್ ಹೊಲಿದಾಯಿತೇ ಎಂದು ಫೋನು ಹಚ್ಚಿದರೆ ಇಳಿಯುತ್ತಿದ್ದ ಸ್ಕಾಲಾ ಅಲ್ಲಿಗೇ ನಿಲ್ಲುತ್ತಿತ್ತು. ಮದುವೆ ಸುಗ್ಗಿಯ ದಿನಗಳು. ಊರಿನ ಹೆಂಗಸರೆಲ್ಲ ಫೋನು ಹಚ್ಚಿದರು.

ಎಲ್ಲ ಇಳಿದು ಮುಗಿದಾಗ ಹೊತ್ತು ವಾಲಿತ್ತು. ಕಂಪೈಲ್ ಒತ್ತಿದ. ಕೆಂಪು.

ಓಣಿಯ ತುದಿಯಲ್ಲಿ ಆದಪ್ಪನ ಕಾರಿನ ಹಾರ್ನ್ ಕೇಳಿತು. ಗಾದಿಲಿಂಗ ದಿಕ್ಕುಗಾಣದೆ ಟೆಂಪ್ಲೇಟನ್ನು ಸುಮ್ಮನೆ ಮೇಲಕ್ಕೆ ಸರಿಸಿದ. ತುತ್ತತುದಿಯಲ್ಲಿ, ಎಲ್ಲಕ್ಕೂ ಮೊದಲು, ಒಂದು ಅಕ್ಷರ ಕೂತಿತ್ತು: ಶ್ರೀ.

"ಇದನ್ನ ಯಾರು ಬರದ್ರು?"

ಜಗಲಿಯ ಮೇಲೆ ವಿಭೂತಿ ಧರಿಸಿ ಕೂತಿದ್ದ ಮನೆಯೊಡೆಯ ಕರಿಬಸಯ್ಯ ಶಾಂತವಾಗಿ ಹೇಳಿದ: "ನಾನಽ. ನೀ ಜಳಕಕ್ಕ ಹೋಗಿದ್ದಿ. ಪುಟದ ಹಣಿ ಬೋಳು ಕಾಣಾಕತ್ತಿತ್ತು."

ಆ ಜಾತಿಯ ಟೆಂಪ್ಲೇಟಿನಲ್ಲಿ ಮೊದಲ ಸಾಲೇ ಬಾಗಿಲು. ರೈತ ಯಾರು, ಚೀಲ ಎಷ್ಟು, ಪಾಳಿ ಯಾವುದು ಎಲ್ಲ ಒಳಬರುವುದು ಆ ಸಾಲಿನಿಂದ. ಅದರ ಮೇಲೆ ಒಂದಕ್ಷರ ಕೂತರೂ ಬಾಗಿಲು ಗೋಡೆಯಾಗಿಬಿಡುತ್ತದೆ. ಗಾದಿಲಿಂಗ ಕೈಮುಗಿದು ಶ್ರೀಯನ್ನು ಅಳಿಸಿದ. ಪುಟ ತೆರೆಯಿತು.

ಆದಪ್ಪ ಬಂದು ನೋಡಿದ. ಪಾಳಿ ಸರಸರ ಸರಿಯಿತು. "ಚಲೋ ಮಾಡೀದಿ," ಎಂದ. ಶೇಖರಮ್ಮ ತಟ್ಟೆಯಲ್ಲಿ ಎಲೆ ಅಡಿಕೆ ತಂದಳು. ಗಾದಿಲಿಂಗ ಕೊಟ್ಟ, ಆದಪ್ಪ ಎರಡೂ ಕೈಯಲ್ಲಿ ಹಿಡಿದ. ಆ ಸೀಮೆಯಲ್ಲಿ ಎಲೆ ಅಡಿಕೆ ಹಿಡಿದರೆ ಮಾತು ಕೊಟ್ಟಂತೆ.

"ಒಂದು ಕಮ್ಮಿ ಐತಿ," ಎಂದ ಆದಪ್ಪ. "ಮ್ಯಾಲೆ ಶ್ರೀ ಇಲ್ಲ."

"ಈಗ ಹಾಕತೀನ್ರಿ," ಎಂದು ಗಾದಿಲಿಂಗ ಟೆಂಪ್ಲೇಟ್ ತೆರೆದು ಎರಡನೇ ಸಾಲಿಗೆ ಕೈಯಿಟ್ಟ.

"ಅದರ ಮ್ಯಾಲೆ ಇನ್ನೊಂದು ಸಾಲು ಐತಲ್ಲೋ," ಎಂದ ಆದಪ್ಪ.

"ಅದು ಮಂದಿಗೆ ಕಾಣಂಗಿಲ್ರೀ."

"ದೇವ್ರಿಗೆ ಕಾಣತೈತಿಲ್ಲೋ?"

"ಮೊದಲನೇ ಸಾಲು ಮಷೀನಿಂದ್ರೀ ಸಾವ್ಕಾರ್ರ, ಅಲ್ಲಿ ಬರದ್ರ..."

"ದೇವ್ರಕಿಂತ ಮೊದಲ ಮಷೀನಾ?" ಎಂದ ಕರಿಬಸಯ್ಯ. ಮಕ್ತುಮ್‌ಸಾಬನೂ, "ದೊಡ್ಡೋರು ಹೇಳಿದಂಗ ಕೇಳಪಾ," ಎಂದ.

ಆದಪ್ಪನ ಬೆರಳು ಪರದೆಯ ತುತ್ತತುದಿಯನ್ನು ಮುಟ್ಟಿಕೊಂಡೇ ಇತ್ತು. ಗಾದಿಲಿಂಗ ಅಲ್ಲೇ ಬರೆದ. ಕರಕರ ಎಂದಿತು. ಕಂಪೈಲ್ ಒತ್ತಿದ. ಪರದೆಯ ತುಂಬ ಕೆಂಪಾಯಿತು.

ಆದಪ್ಪ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದ.

"ಬರದ ಗಳಿಗೇಗೆ ಕೆಂಡ ಆತು," ಎಂದ ಮೆಲ್ಲಗೆ. "ದೇವ್ರಿಗೆ ಮನಸಿಲ್ಲ."

"ಮುಂಜಾನೆ ನಾ ಬರದಾಗ ಏನೂ ಅನ್ನಲಿಲ್ಲಪಾ ಅದು," ಎಂದ ಕರಿಬಸಯ್ಯ, ಬಹಳ ಬೇಸರದಿಂದ.

ಆದಪ್ಪ ಎದ್ದ. ಗಾದಿಲಿಂಗನ ಬಲಗೈಯನ್ನು ತಾನೇ ಎತ್ತಿ, ಅಂಗೈ ಬಿಡಿಸಿ, ಎಲೆ ಅಡಿಕೆಯನ್ನು ಮರಳಿ ಅದರಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದ.