ತವರುಮನೆಯ ಒಂದು ಕಡ್ಡಿ ಸಿಗ್ನಲ್

ಸಿಗ್ನಲ್ ಬಾರದ ಮನೆಯಲ್ಲಿ ವಾರಕ್ಕೊಂದು ಪ್ರಸಂಗ ನಡೆದೇ ನಡೆಯುತ್ತದೆ. ಆದರೆ ಈ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ದಿನಕ್ಕೊಂದು ನಡೆಯಿತು. ಕೇಳಿದವರೆಲ್ಲ ನಕ್ಕರು. ನಾನು ಮಾತ್ರ ಒಂದೊಂದು ಸಲವೂ ಎದೆ ಹಿಡಿದುಕೊಂಡು ಕುಳಿತೆ.

ನಾವು ಗಂಡ ಹೆಂಡತಿ ಇರುವುದು ಜೀವನ್ ಬಿಮಾ ನಗರದ ಹಳೆಯ ಕಾಲನಿಯ ನೆಲಮಹಡಿಯಲ್ಲಿ. ಒಬ್ಬಳೇ ಮಗಳು, ಕೆ.ಆರ್. ಪುರದಲ್ಲಿದ್ದಾಳೆ. ಆಕೆಗೆ ಚೊಚ್ಚಲ, ಒಂಬತ್ತನೇ ತಿಂಗಳು. ಪದ್ಧತಿಯಂತೆ ತವರಿಗೆ ಬರಬೇಕಾಗಿದ್ದವಳು ಬರಲಿಲ್ಲ. ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುವ ಕೆಲಸ ಅವಳದು. "ಹೆರಿಗೆ ಆದ್ಮೇಲೆ ಬರ್ತೀನಪ್ಪ. ನಿಮ್ಮನೇಲಿ ಕೂತು ಪಾಠ ಮಾಡಿದ್ರೆ ಮಕ್ಕಳಿಗೆ ನನ್ನ ಬಾಯಿ ಆಡೋದು ಕಾಣುತ್ತೆ, ಲೆಕ್ಕ ಕೇಳಿಸಲ್ಲ" ಎಂದಳು. ವೈಫೈ ಇದೆಯಲ್ಲ ಎಂದೆ. "ಕರೆಂಟ್ ಇದೆಯಾ?" ಎಂದಳು. ಸಿಗ್ನಲ್ ಇಲ್ಲವೆಂದು ತವರಿಗೆ ಬಾರದ ಮೊದಲ ಮಗಳು ಇವಳೇ ಇರಬೇಕು ಎಂದು ನನ್ನ ಹೆಂಡತಿ ನೆಂಟರಿಗೆಲ್ಲ ಹೇಳಿಕೊಂಡು ಕಣ್ಣೊರೆಸಿಕೊಂಡಳು.

ಅಳಿಯನಿಗೆ ಹೊಸೂರಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಆದ್ದರಿಂದ ಏರ್ಪಾಟು ಹೀಗಾಯಿತು: ನೋವು ಕಾಣಿಸಿಕೊಂಡ ತಕ್ಷಣ ಮಗಳು ನನಗೆ ಫೋನ್ ಮಾಡಬೇಕು. ನಾನು ಕಾರಿನಲ್ಲಿ ಹೋಗಿ ಅವಳನ್ನು ಹಲಸೂರಿನ ಆಸ್ಪತ್ರೆಗೆ ಸೇರಿಸಬೇಕು. ಕಾರು ಸರಿಯಿತ್ತು, ಟೈರಿನ ಗಾಳಿ ಸರಿಯಿತ್ತು, ದಾರಿ ಗೊತ್ತಿತ್ತು. ಆ ಫೋನು ನನ್ನನ್ನು ತಲುಪುತ್ತದೆಯೇ ಎಂಬುದೊಂದೇ ಗೊತ್ತಿರಲಿಲ್ಲ.

ಅದೇ ವಾರ ಹೊಸ ಫೋನೊಂದರ ಜಾಹೀರಾತು ಬಂತು. ಎಷ್ಟೇ ಕ್ಷೀಣವಾದ ಸಿಗ್ನಲನ್ನೂ ಹಿಡಿಯುವ ಆಂಟೆನಾ ಅದರಲ್ಲಿದೆಯಂತೆ. ಮುಂಗಡವಾಗಿ ಬುಕ್ ಮಾಡಿದವರಿಗೆ ಶನಿವಾರವೇ ಮನೆಗೆ ಬರುತ್ತದೆ, ಉಳಿದವರು ತಿಂಗಳು ಕಾಯಬೇಕು. ಬುಕಿಂಗ್ ಶುಕ್ರವಾರ ಸಂಜೆ ಐದಕ್ಕೆ ಮುಕ್ತಾಯ. ಡಾಕ್ಟರು ಮಗಳಿಗೆ ಕೊಟ್ಟಿದ್ದ ದಿನ ಅದರ ಮುಂದಿನ ಬುಧವಾರ. ಇಷ್ಟು ಸಾಕಲ್ಲ, ಯಾರಾದರೂ ಬುಕ್ ಮಾಡುತ್ತಿದ್ದರು. ಆದರೆ ನಾನು ಮೂವತ್ತಾರು ವರ್ಷ ವಿಮಾನ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿದ್ದವನು. ಕಣ್ಣಾರೆ ನೋಡದ, ಅಳತೆ ಮಾಡದ ಒಂದು ತಿರುಪಿಗೂ ಸಹಿ ಹಾಕಿದವನಲ್ಲ. ಇನ್ನೂ ಯಾರ ಕೈಗೂ ಬಾರದ ಫೋನಿಗೆ ಹೇಗೆ ಹಾಕಲಿ?

೧. ಮನೆಯ ತಪಾಸಣೆ

ಹೊಸದನ್ನು ಪರೀಕ್ಷಿಸಲಾಗದಿದ್ದರೆ ಹಳೆಯದನ್ನಾದರೂ ಪರೀಕ್ಷಿಸೋಣ ಎಂದು ಸೋಮವಾರ ಗ್ರಾಫ್ ಹಾಳೆ ತೆಗೆದುಕೊಂಡೆ. ಮನೆಯ ನಕ್ಷೆ ಬರೆದು ಎರಡೆರಡು ಅಡಿಗೆ ಒಂದು ಚುಕ್ಕಿ ಇಟ್ಟು, ಪ್ರತಿ ಚುಕ್ಕಿಯ ಮೇಲೂ ಫೋನ್ ಹಿಡಿದು ನಿಂತು ಓದಿದೆ. ಹಾಲಿನಲ್ಲಿ ಸೊನ್ನೆ ಕಡ್ಡಿ. ಮಲಗುವ ಕೋಣೆಯಲ್ಲಿ ಸೊನ್ನೆ. ಅಡುಗೆಮನೆಯಲ್ಲಿ ಮಿಕ್ಸಿಯ ಪಕ್ಕ ಒಂದು ಕಡ್ಡಿ, ಅದೂ ಕಿಟಕಿ ತೆರೆದಿದ್ದರೆ.

"ಇದೇನ್ರೀ, ರಂಗೋಲಿನಾ?" ಎಂದಳು ಹೆಂಡತಿ.

ಕಡ್ಡಿಗಳನ್ನು ನಂಬಬಾರದು, ನಿಜವಾದ ಅಂಕಿ ಫೋನಿನ ಒಳಗಿನ ಪುಟದಲ್ಲಿರುತ್ತದೆ ಎಂದು ವಿವರಿಸಿ, ಹುಡುಕಿ ತೋರಿಸಿದೆ. ಮೈನಸ್ ನೂರ ಹದಿನೆಂಟು ಎಂದಿತ್ತು.

ಆಕೆ ಕನ್ನಡಕ ಏರಿಸಿ ನೋಡಿದಳು. "ಮೈನಸ್ಸಾ? ಹಾಗಾದ್ರೆ ಅವರು ನಮಗೆ ಕೊಡೋದಿರಲಿ, ನಮ್ಮನೆಯಿಂದಲೇ ಅವರಿಗೆ ಸಿಗ್ನಲ್ ಹೋಗ್ತಿದೆ ಅನ್ನಿ."

೨. ಏಳು ಕರೆ

ಮಂಗಳವಾರ ಬೆಳಿಗ್ಗೆ ತರಕಾರಿಗೆಂದು ಗೇಟಿನ ಹೊರಗೆ ಕಾಲಿಟ್ಟೆ. ಫೋನು ಒಮ್ಮೆಲೇ ಏಳು ಸಲ ಮಿಡುಕಿತು. ಮಗಳಿಂದ ಏಳು ತಪ್ಪಿದ ಕರೆಗಳು! ಮರಳಿ ಮಾಡಿದರೆ ಅವಳು ಎತ್ತಲಿಲ್ಲ. "ಶುರುವಾಯ್ತು ಕಣೇ, ಬಾ!" ಎಂದು ಕೂಗಿ, ಉಟ್ಟ ಪಂಚೆಯಲ್ಲೇ ಕಾರು ಹೊರಡಿಸಿದೆ.

ಕೆ.ಆರ್. ಪುರದ ತೂಗುಸೇತುವೆಯ ಬಳಿ ವಾಹನಗಳು ಎಂದಿನಂತೆ ಬೇರು ಬಿಟ್ಟು ನಿಂತಿದ್ದವು. ನಾನು ಜೀವಮಾನದಲ್ಲಿ ಅಕಾರಣವಾಗಿ ಹಾರ್ನ್ ಮಾಡಿದವನಲ್ಲ. ಅಂದು ಕಾರಣವಿತ್ತೆಂದು ಕೈ ತೆಗೆಯದೆ ಬಾರಿಸಿದೆ. ಪಕ್ಕದ ಬೈಕಿನವನು ಬಗ್ಗಿ ಹೇಳಿದ: "ಯಾಕ್ ಗುರು, ಹಾರ್ನ್ ಒತ್ತಿದ್ರೆ ರೆಕ್ಕೆ ಬರುತ್ತಾ?"

ಮಗಳ ಮನೆಯ ಬಾಗಿಲು ಬಡಿದೆ. ತೆರೆದವಳು ಮಾವಿನಕಾಯಿಗೆ ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದಳು.

"ಏಳು ಸಲ ಮಾಡಿದ್ದೆಯಲ್ಲಮ್ಮ!"

"ಸುಮ್ನೆ ಟೆಸ್ಟ್ ಮಾಡಿದೆ ಅಪ್ಪ, ಫೋನ್ ಹೋಗುತ್ತಾ ಅಂತ. ಹೋಗಲ್ಲ ಅಂತ ಗೊತ್ತಾಯ್ತು, ಪಾಠಕ್ಕೆ ಕೂತೆ." ನನ್ನ ಹಿಂದೆ ಇಣುಕಿದಳು. "ಅಮ್ಮ ಎಲ್ಲಿ?"

ಬಾಗಿಲಿಗೆ ಬೀಗ ಹಾಕಿ ಬರುತ್ತೇನೆಂದು ಒಳಗೆ ಹೋದ ಹೆಂಡತಿಯನ್ನು ಬಿಟ್ಟು ಬಂದಿದ್ದೆ. ತಿಳಿಸೋಣವೆಂದು ಅವಳಿಗೆ ಫೋನ್ ಮಾಡಿದೆ. ಹೋಗಲಿಲ್ಲ.

ಒಂದೂವರೆ ಗಂಟೆಯ ನಂತರ ಮರಳಿದಾಗ ಫ್ಲಾಸ್ಕು ಹಿಡಿದು ಗೇಟಿನಲ್ಲೇ ನಿಂತಿದ್ದಳು. "ಗಂಡೋ ಹೆಣ್ಣೋ?" ಎಂದು ಕೇಳಿದಳು.

"ಮಾವಿನಕಾಯಿ" ಎಂದೆ.

೩. ಅಂಗಡಿಯಲ್ಲಿ

ಬುಧವಾರ ಇಂದಿರಾನಗರದ ದೊಡ್ಡ ಫೋನ್ ಅಂಗಡಿಗೆ ಹೋದೆ. ಏಳು ಪ್ರಶ್ನೆಗಳನ್ನು ಟೈಪ್ ಮಾಡಿ ಒಯ್ದಿದ್ದೆ. ಮಾರಾಟಗಾರ ನಗುನಗುತ್ತಾ ಬಂದು ಗಾಜಿನ ಪೆಟ್ಟಿಗೆಯಲ್ಲಿದ್ದ ಹೊಸ ಫೋನಿನ ಮಾದರಿ ತೋರಿಸಿದ.

"ಆನ್ ಮಾಡಿ."

"ಆನ್ ಆಗಲ್ಲ ಸರ್, ಡಮ್ಮಿ ಪೀಸು. ಒರಿಜಿನಲ್ ಶನಿವಾರ ಬರುತ್ತೆ."

"ನೆಲಮಹಡಿಯಲ್ಲಿ, ದಪ್ಪ ಗೋಡೆಯ ಹಿಂದೆ ಸಿಗ್ನಲ್ ಹೇಗೆ ಹಿಡಿಯುತ್ತದೆ? ಪರೀಕ್ಷಾ ವರದಿ ಇದೆಯೇ?"

"ಸರ್, ಇದರ ಜೂಮ್ ನೋಡ್ಬೇಕು ನೀವು. ಚಂದ್ರನ ಮೇಲಿನ ಹಳ್ಳ ಎಲ್ಲ ಕ್ಲಿಯರ್ ಆಗಿ ಬರುತ್ತೆ."

"ನನಗೆ ಫೋನ್ ಮಾಡುವವಳು ಚಂದ್ರನ ಮೇಲಿಲ್ಲ, ಕೆ.ಆರ್. ಪುರದಲ್ಲಿದ್ದಾಳೆ."

ಅವನ ನಗು ಸ್ವಲ್ಪ ಬಾಡಿತು. "ಸಿಗ್ನಲ್ ಸೂಪರ್ ಸರ್, ಕಣ್ಮುಚ್ಚಿ ತಗೊಳ್ಳಿ" ಎಂದ. ಕಣ್ಣು ಮುಚ್ಚಿ ತೆಗೆದುಕೊಳ್ಳಿ ಎಂದು ತಪಾಸಣಾ ವಿಭಾಗದವನಿಗೆ ಹೇಳಿದ ಮೊದಲ ಮನುಷ್ಯ! ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಜೇಬಿನ ಫೋನು ರಿಂಗಾಯಿತು. "ಒಂದ್ನಿಮಿಷ ಸರ್" ಎಂದವನು ಹಲೋ ಹಲೋ ಎನ್ನುತ್ತಾ ಬಾಗಿಲು ದಾಟಿದ, ಮೆಟ್ಟಿಲಿಳಿದ, ರಸ್ತೆ ದಾಟಿ ಎಳನೀರಿನ ಗಾಡಿಯ ಪಕ್ಕ ನಿಂತು ಮಾತಾಡಿದ.

ಬಂದ ಮೇಲೆ ಕೇಳಿದೆ: "ಅಷ್ಟು ದೂರ ಯಾಕೆ ಹೋದಿರಿ?"

"ಅಂಗಡೀಲಿ ಸಿಗ್ನಲ್ ನಿಲ್ಲಲ್ಲ ಸರ್."

೪. ವೈದ್ಯರ ಅಭಿಪ್ರಾಯ

ಗುರುವಾರ ಬೆಳಿಗ್ಗೆ ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಒಬ್ಬ ವಯಸ್ಸಾದ ರಿಪೇರಿಯವರಿದ್ದಾರೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಫೋನಿನ ಹೊಟ್ಟೆ ಬಗೆಯುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಅವರ ಮಾತಿನಲ್ಲಿ ಮೂರು ಭಾಷೆ, ಕೈಯಲ್ಲಿ ಮಾತ್ರ ಒಂದೇ ಶಿಸ್ತು. ಅದಕ್ಕೇ ನನಗೆ ಗೌರವ.

ನನ್ನ ಫೋನ್ ಬಿಚ್ಚಿ, ಆಂಟೆನಾದ ತಂತಿ ಮುಟ್ಟಿ, ಮತ್ತೆ ಮುಚ್ಚಿ, ಅದರಿಂದಲೇ ಯಾರಿಗೋ ಕರೆ ಮಾಡಿ ಮಾತಾಡಿದರು. ನಾಲ್ಕು ಕಡ್ಡಿ ತೋರಿಸುತ್ತಿತ್ತು.

"ಫೋನಿಗೆ ಏನೂ ಆಗಿಲ್ಲ ಸಾಬ್. ಏಕ್‌ದಂ ತಂದುರುಸ್ತ್" ಎಂದರು.

"ಮನೆಯಲ್ಲಿ ಬರುವುದಿಲ್ಲವಲ್ಲ?"

"ಹಾಗಾದ್ರೆ ಕಾಯಿಲೆ ಮನೆಗೆ. ಪೇಷಂಟನ್ನ ಮನೇಲಿ ಬಿಟ್ಟು ಅವನ ಚಪ್ಪಲಿ ತಂದು ತೋರಿಸ್ತಿದೀರ ನೀವು."

"ಹೊಸ ಫೋನ್ ತೆಗೆದುಕೊಂಡರೆ?"

ಭೂತಗನ್ನಡಿಯನ್ನು ಹಣೆಗೇರಿಸಿ ನನ್ನನ್ನೇ ದಿಟ್ಟಿಸಿದರು. "ಹೊಸ ಚಪ್ಪಲಿ ಸಾಬ್."

೫. ಹನ್ನೊಂದು ಪುಟ

ಕಾಯಿಲೆ ಮನೆಯದಾದರೆ ನೆಟ್‌ವರ್ಕ್ ಕಂಪನಿಯವರನ್ನೇ ಕೇಳಬೇಕು. ಅಲ್ಲಿಂದ ನೇರವಾಗಿ ಅವರ ಹಲಸೂರಿನ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದ ಯುವತಿ ನನ್ನ ಗುರುತಿನ ಚೀಟಿ ತೆಗೆದುಕೊಂಡು, ವಿಳಾಸ ಒತ್ತಿ, ಪರದೆ ನೋಡಿದಳು.

"ಸರ್, ನಿಮ್ಮ ಬ್ಲಾಕಿನ ಟೆರೇಸ್ ಮೇಲೆ ಟವರ್ ಹಾಕೋದು ಅಂತ ಮೂರು ವರ್ಷದ ಹಿಂದೆ ಎಲ್ಲಾ ರೆಡಿ ಆಗಿತ್ತು. ರೆಸಿಡೆಂಟ್ಸ್ ಕಡೆಯಿಂದ ಆಕ್ಷೇಪಣೆ ಬಂತು, ಕೈಬಿಟ್ವಿ."

ನನ್ನ ತಾಳ್ಮೆ ತಪ್ಪಿತು. ನಾಲ್ಕು ದಿನದ ಭಯವೆಲ್ಲ ಒಮ್ಮೆಲೇ ಕೋಪವಾಗಿ ಏರಿತು. "ಯಾವ ವಿವೇಕವಿಲ್ಲದ ಮನುಷ್ಯ ಆಕ್ಷೇಪಿಸಿದ್ದು? ನಾಳೆ ನನ್ನ ಮಗಳಿಗೆ ಹೆಚ್ಚುಕಡಿಮೆಯಾದರೆ ಅವನು ಹೊಣೆಯೇ? ಹೆಸರು ಕೊಡಿ!" ಎಂದು ಮೇಜು ತಟ್ಟಿದೆ.

ಆಕೆ ಪರದೆಯನ್ನು ಇನ್ನಷ್ಟು ಓದಿದಳು. "ಹನ್ನೊಂದು ಪುಟ ಬರೆದಿದಾರೆ ಸರ್. ಪುಟ ಪುಟಕ್ಕೂ ಸಹಿ ಮಾಡಿ, ತಾರೀಕು ಹಾಕಿ, ಕೆಳಗೆ ಗೆರೆ ಎಳೆದಿದಾರೆ."

ಮೇಜಿನ ಮೇಲಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡೆ. ಟವರಿನ ಕಿರಣಗಳಿಂದ ಮಕ್ಕಳಿಗೇನಾದೀತೋ ಎಂಬ ಭಯದಲ್ಲಿ ಆಗ ಕಾಲನಿಯ ಸಂಘದ ಅಧ್ಯಕ್ಷನೊಬ್ಬ ಬರೆದದ್ದು ಅದು. ಬರೆದ ದಿನ ಅವನಿಗೆ ಶಾಲು ಕೂಡ ಹೊದಿಸಿದ್ದರು.

ಯುವತಿ ಗುರುತಿನ ಚೀಟಿಯನ್ನೂ ಪರದೆಯನ್ನೂ ಒಮ್ಮೆ ನೋಡಿ, ಬಹಳ ಮೆಲ್ಲಗೆ ಕೇಳಿದಳು: "ಸರ್, ಹೆಸರು ನಾನು ಹೇಳ್ಲಾ, ಇಲ್ಲಾ ನೀವೇ ಹೇಳ್ತೀರಾ?"

೬. ಶುಕ್ರವಾರ

ಶುಕ್ರವಾರ ಎದ್ದಾಗಲೇ ತೀರ್ಮಾನಿಸಿದ್ದೆ. ನೋಡದ ಭಾಗಕ್ಕೆ ಸಹಿ ಹಾಕುವುದಿಲ್ಲ ಎಂಬುದು ನನ್ನ ನಿಯಮ. ಆದರೆ ಮಗಳು ನೋವಿನಲ್ಲಿ ಫೋನ್ ಒತ್ತುತ್ತಿರುವಾಗ ನಾನು ಹಾಲಿನಲ್ಲಿ ಪತ್ರಿಕೆ ಓದುತ್ತಾ ಕುಳಿತಿರುವ ಚಿತ್ರ ಕಣ್ಣ ಮುಂದೆ ಬಂದಾಗಲೆಲ್ಲ ನಿಯಮ ಬೆವರುತ್ತಿತ್ತು. ಹತ್ತು ಗಂಟೆಗೆ ಲ್ಯಾಪ್‌ಟಾಪ್ ತೆರೆದೆ. ಅದೃಷ್ಟಕ್ಕೆ ಕರೆಂಟಿತ್ತು. ಬಣ್ಣ ಕಪ್ಪು ಎಂದು ಒತ್ತಿದೆ, ವಿಳಾಸ ತುಂಬಿದೆ. ಕೊನೆಗೆ ಪರದೆ ಹೇಳಿತು: ನಿಮ್ಮ ಮೊಬೈಲಿಗೆ ಬಂದಿರುವ ಓಟಿಪಿ ನಮೂದಿಸಿ.

ಮೊಬೈಲಿಗೆ ಏನು ಬಂದೀತು? ಅದಕ್ಕೆ ಬರುವುದಿಲ್ಲವೆಂದೇ ಅಲ್ಲವೇ ಇದೆಲ್ಲ.

ಟೆರೇಸಿನ ನೀರಿನ ಟ್ಯಾಂಕಿನ ಬಳಿ ಎರಡು ಕಡ್ಡಿ ಸಿಗುತ್ತದೆ. ಓಡಿ ಹತ್ತಿದೆ, ಓಟಿಪಿ ಓದಿದೆ, ಬಾಯಲ್ಲೇ ಜಪಿಸುತ್ತಾ ಮೂರು ಮಹಡಿ ಇಳಿದು ಬಂದೆ. ಅವಧಿ ಮುಗಿದಿದೆ ಎಂದಿತು ಪರದೆ. ಇನ್ನೊಂದು ಸಲವೂ ಹಾಗೇ. ಮೂರನೇ ಸಲಕ್ಕೆ ಕೆಲಸ ಹಂಚಿಕೊಂಡೆವು. ಹೆಂಡತಿ ಫೋನ್ ಹಿಡಿದು ಟೆರೇಸಿನ ಮೇಲೆ, ನಾನು ಕೆಳಗೆ ಕಿಟಕಿಯ ಪಕ್ಕ ಲ್ಯಾಪ್‌ಟಾಪಿನ ಮುಂದೆ. ಓಟಿಪಿ ಬಂದ ಕೂಡಲೇ ಆಕೆ ಮೇಲಿನಿಂದ ಕೂಗಬೇಕು. ಮೆಸೇಜಿನ ಅಂಕಿಯನ್ನಷ್ಟೇ ದೊಡ್ಡದಾಗಿ ಕಾಣುವಂತೆ ಮಾಡಿಟ್ಟಿದ್ದೆ; ಕನ್ನಡಕ ಅಡುಗೆಮನೆಯಲ್ಲಿ ಬಿಟ್ಟು ಹೋಗಿದ್ದವಳಿಗೆ ಉಳಿದ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ.

"ಬಂತಾ?"

"ಬಂತೂರೀ! ನಾಲ್ಕು! ಎಂಟು! ಸೊನ್ನೆ... ಅಯ್ಯೋ, ಮಧ್ಯ ಯಾವುದೋ ಫೋನ್ ಬರ್ತಿದೇರೀ!"

"ಕಟ್ ಮಾಡು! ಅಂಕಿ ಹೇಳು!"

"ಕಟ್ ಮಾಡ್ದೆ! ನಾಲ್ಕು, ಎಂಟು, ಸೊನ್ನೆ, ಎರಡು... ಮತ್ತೆ ಬಂತೂರೀ!"

"ಸಾಲ ಕೊಡ್ತೀವಿ ಅನ್ನೋರು ಕಣೇ ಅವರು! ಮಾತಾಡ್ಬೇಡ! ಕಟ್ ಮಾಡು!"

ಮೂರನೇ ಸಲವೂ ಬಂತು. ಆ ಹೊತ್ತಿಗೆ ಅಕ್ಕಪಕ್ಕದ ಬಾಲ್ಕನಿಗಳಲ್ಲಿ ಜನ ಸೇರಿದ್ದರು. ಅವರೂ ನನ್ನ ಜೊತೆ ಕೂಗಿದರು: "ಕಟ್ ಮಾಡಿ ಆಂಟೀ!" ಆಕೆ ಕಟ್ ಮಾಡಿದಳು. ಅಷ್ಟರಲ್ಲಿ ಓಟಿಪಿಯ ಅವಧಿ ಮುಗಿಯಿತು.

ಹೀಗೆ ನಾಲ್ಕನೇ ಓಟಿಪಿ, ಐದನೇ ಓಟಿಪಿ. ಮುಕ್ಕಾಲು ಗಂಟೆ ಕಳೆದಿರಬೇಕು. ಗೇಟಿನ ಮುಂದೆ ಆಟೋವೊಂದು ಬಂದು ನಿಂತು ಬಿಡದೆ ಹಾರ್ನ್ ಮಾಡತೊಡಗಿತು. ಆ ಸದ್ದಿನಲ್ಲಿ ಹೆಂಡತಿಯ ಅಂಕಿ ಕೇಳಿಸಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಗದರಿಸಿದೆ: "ಏಯ್, ಸದ್ದು ನಿಲ್ಲಿಸಯ್ಯ! ಇಲ್ಲಿ ಪ್ರಾಣದ ಪ್ರಶ್ನೆ!"

"ಅದೇ ಸಾರ್, ನಮ್ದೂ ಅದೇ ಪ್ರಶ್ನೆ! ಬೇಗ ಬನ್ನಿ ಸಾರ್!" ಎಂದ ಚಾಲಕ.

ಆಟೋದೊಳಗೆ ಎರಡು ಕೈಯಲ್ಲೂ ಕಂಬಿ ಹಿಡಿದುಕೊಂಡು ನನ್ನ ಮಗಳು ಕುಳಿತಿದ್ದಳು. ಪಕ್ಕದಲ್ಲಿ ಅವಳ ನೆರೆಮನೆಯಾಕೆ, ಮಡಿಲಲ್ಲಿ ಆಸ್ಪತ್ರೆಯ ಬ್ಯಾಗು. ಬೆಳಗಿನಿಂದಲೇ ಸಣ್ಣ ನೋವಿತ್ತಂತೆ. ಪಾಠವೊಂದು ಮುಗಿಸಿಯೇ ಹೇಳೋಣವೆಂದಿದ್ದಳಂತೆ. ಹಲಸೂರಿನ ದಾರಿಯಲ್ಲೇ ನಮ್ಮ ಕಾಲನಿ ಇದ್ದುದರಿಂದ ನಮ್ಮನ್ನೂ ಕರೆದೊಯ್ಯಲು ಬಂದಿದ್ದಳು.

"ಫೋನ್ ಹೋಗ್ತಿತ್ತಪ್ಪಾ!" ಹಲ್ಲು ಕಚ್ಚಿಕೊಂಡು ಹೇಳಿದಳು. "ಇವತ್ತು ಮೊದಲನೇ ಸಲ ಸರಿಯಾಗಿ ರಿಂಗ್ ಆಯ್ತು! ಮೂರು ಸಲ ಮಾಡಿದೆ, ಮೂರು ಸಲಾನೂ ಕಟ್ ಮಾಡಿದ್ರಲ್ಲ, ಯಾಕೆ?"

"ನಿನ್ನ ಫೋನು ತಪ್ಪಿಹೋಗಬಾರದು ಅಂತ..." ಎನ್ನುತ್ತಾ ಆಟೋದಲ್ಲಿ ಚಾಲಕನ ಪಕ್ಕ ತೂರಿಕೊಂಡೆ. ಟೆರೇಸಿನಿಂದ ಹೆಂಡತಿ ಇನ್ನೂ ಅಂಕಿ ಕೂಗುತ್ತಿದ್ದಳು. ಬಾಲ್ಕನಿಯವರು ಅವಳನ್ನು ಕೆಳಗಿಳಿಸಿ ಇನ್ನೊಂದು ಆಟೋ ಹತ್ತಿಸಿದರು.

ಹಲಸೂರಿನ ಆಸ್ಪತ್ರೆಯ ಹೆರಿಗೆ ಕೋಣೆಯ ಹೊರಗೆ ಐದೂವರೆ ಗಂಟೆ ಕುಳಿತೆ. ಗಡಿಯಾರ ಐದು ದಾಟಿತು, ಬುಕಿಂಗ್ ಮುಗಿಯಿತು. ಅದರ ನೆನಪು ಬಂದದ್ದು ಮರುದಿನ. ಪಕ್ಕದಲ್ಲಿ ಹೆಂಡತಿ ಒಂದೇ ಒಂದು ಮಾತಾಡಿದಳು: "ಕಟ್ ಮಾಡಿದ್ದು ನಾನು. ಹೇಳಿದ್ದು ನೀವು. ನೆನಪಿರಲಿ."

ಐದೂ ಇಪ್ಪತ್ತಕ್ಕೆ ಬಾಗಿಲು ತೆರೆಯಿತು. ನರ್ಸು ಹೊರಗೆ ಬಂದು ಕುಳಿತವರನ್ನೆಲ್ಲ ಒಮ್ಮೆ ನೋಡಿದಳು.

"ಮಗಳ ಫೋನ್ ಮೂರು ಸಲ ಕಟ್ ಮಾಡಿಸಿದ ತಾತ ಯಾರು ಇಲ್ಲಿ?"

ಕೈ ಎತ್ತಿದೆ.

"ಅಮ್ಮ ಮಗು ಇಬ್ಬರೂ ಚೆನ್ನಾಗಿದಾರೆ. ಬನ್ನಿ, ನಿಮ್ಮ ಮೊಮ್ಮಗಳು ಅರ್ಧ ಗಂಟೆಯಿಂದ ಬಿಡದೆ ಕೂಗ್ತಾ ಇದಾಳೆ. ಇವಳನ್ನ ಹೇಗೆ ಕಟ್ ಮಾಡ್ತೀರೋ ನಾನೂ ನೋಡ್ತೀನಿ."