ಬೈಕಿಲ್ಲದವನ ಹ್ಯಾಂಡಲ್ ಸ್ವಿಚ್ಚು

ನನ್ನ ಮೈದುನನಿಗೆ ಬೈಕು ಇರಲಿಲ್ಲ. ಬೈಕಿನ ಸ್ವಿಚ್ಚು ಇತ್ತು. ನಗಬೇಡಿ! ಎಂಬತ್ತರ ದಶಕದ ರಾಣೆಬೆನ್ನೂರಿನಲ್ಲಿ ಬೈಕಿದ್ದ ಗಂಡಸರು ಬೇಕಾದಷ್ಟಿದ್ದರು. ಬರೀ ಸ್ವಿಚ್ಚಿನ ಮೇಲೆ ಅಷ್ಟು ಗತ್ತಿನಿಂದ ಬದುಕಿದವನು ಇವನೊಬ್ಬನೇ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಗೆಳೆಯನೊಬ್ಬ ತನ್ನ ಬೈಕು ಮಾರಿದಾಗ, ಸ್ಪೇರ್ ಎಂದು ತೆಗೆದಿಟ್ಟಿದ್ದ ಎಡಗೈ ಹ್ಯಾಂಡಲಿನ ಸ್ವಿಚ್ಚನ್ನು ಇವನಿಗೆ ಕೊಟ್ಟ. ಪುಟ್ಟ ಕರಿ ಡಬ್ಬಿ. ಹಾರ್ನಿಗೊಂದು ಗುಂಡಿ, ಇಂಡಿಕೇಟರಿಗೆ ಅತ್ತಿತ್ತ ಸರಿಯುವ ಇನ್ನೊಂದು, ಹಿಂದೆ ಜಡೆಯ ಹಾಗೆ ಬಣ್ಣಬಣ್ಣದ ವೈರು. ಕಾನ್ವೆಂಟಿನಲ್ಲಿ ಓದಿದ ನಾನು, ‘ವಾಟ್ ಜಂಕ್!’ ಎಂದುಬಿಟ್ಟೆ. ಅವನಿಗೆ ನಿಜಕ್ಕೂ ನೋವಾಯಿತು.

“ಹಂಗನಬ್ಯಾಡ್ರಿ ವೈನಿ. ಒಂದ ಹೆಬ್ಬಟ್ಟಿನಾಗ ಇಡೀ ಗಾಡಿ ಆಡಸಬಹುದು ಇದರಾಗ!”

ಮೊದಲು ಅದು ಸೈಕಲ್ ಏರಿತು. ಕ್ಯಾರಿಯರ್ ಮೇಲೆ ಹಳೇ ಬ್ಯಾಟರಿ, ಹಿಂದೆ ಎರಡು ಹಳದಿ ದೀಪ. ಸೈಕಲ್ಲಿಗೆ ಇಂಡಿಕೇಟರ್! ಸ್ಟೇಷನ್ ರಸ್ತೆಯಲ್ಲಿ ಬಲಕ್ಕೆ ದೀಪ ಹಾಕಿದವನು ಆರಿಸುವುದನ್ನು ಮರೆತು ನೆಟ್ಟಗೆ ಹೋಗುತ್ತಲೇ ಇದ್ದ. ಹಿಂದಿದ್ದ ಆಟೋದವನು ಕೂಗಿದನಂತೆ: “ಸಾವಕಾರ್ರ, ನೀವು ತಿರಗಾವ್ರೋ, ಇಲ್ಲ ದೀಪ ಅಷ್ಟ ತಿರಗತೈತೋ?”

ಆಮೇಲೆ ಅದು ಪಡಸಾಲೆಯ ಆರಾಮಕುರ್ಚಿಯ ತೋಳಿಗೆ ಬಂತು; ಹಾರ್ನು ಮಾತ್ರ ನನ್ನ ಅಡುಗೆಮನೆಯಲ್ಲಿ! ಚಹಾ ಬೇಕಾದರೆ ಪೇಂ! ಐ ವಾಸ್ ಫ್ಯೂರಿಯಸ್. ಸೌಟು ಹಿಡಿದೇ ಹೊರಬಂದೆ.

“ನಾ ಏನ್ ಎಮ್ಮಿ ಏನೋ, ಹಾರ್ನ್ ಹೊಡದ್ರ ಏಳಾಕ?”

“ಎಮ್ಮಿ ಎಲ್ಲಿ ಏಳತಾವ್ರಿ ವೈನಿ? ನೀವು ಬಂದ್ರಿ, ನೋಡ್ರಿ!”

ಹೇಳಿ, ಇಂಥವನ ಮೇಲೆ ಸಿಟ್ಟು ಎಷ್ಟು ಹೊತ್ತು ನಿಂತೀತು? ಚಹಾ ಕೊಟ್ಟೆ.

ಅದೇ ವರ್ಷ ನಮ್ಮ ಅತ್ತೆಗೆ ಲಕ್ವ ಹೊಡೆಯಿತು. ಬಲಮೈ ಹೋಯಿತು, ಮಾತೂ ಹೋಯಿತು. ಇಡೀ ಓಣಿಗೆ ಕೇಳುವಂತೆ ಮನೆ ಆಳಿದ ದನಿ ಅದು! ನೀರೋ, ದಿಂಬೋ ಎಂದು ನಾವು ಊಹಿಸಿ ಊಹಿಸಿ ತಪ್ಪಿದೆವು. ಅವರು ರೋಸಿ ಮುಖ ತಿರುಗಿಸಿಬಿಟ್ಟರು. ಗಂಜಿಗೂ ಬಾಯಿ ತೆರೆಯಲಿಲ್ಲ. “ಹೊಟ್ಟಿಗೇನೂ ಹೋಗಲಿಲ್ಲಂದ್ರ ಉಳಿಯೂದು ಕಷ್ಟ ಐತ್ರಿ” ಎಂದರು ಡಾಕ್ಟರು. ಹಿತ್ತಾಳೆ ಗಂಟೆ ಕೊಟ್ಟೆವು, ಎತ್ತಲಾಗಲಿಲ್ಲ. ಉಪವಾಸಕ್ಕೆ ಎಡಗೈಯೂ ಸೋತಿತ್ತು; ಅದರಲ್ಲಿ ಆಡುತ್ತಿದ್ದುದು ಹೆಬ್ಬೆರಳೊಂದೇ.

ಮೈದುನ ಆ ಬೆರಳನ್ನೇ ನೋಡುತ್ತ ಕೂತಿದ್ದವನು ತಟ್ಟನೆ ಎದ್ದ. “ವೈನಿ, ಎಡಗೈ ಹೆಬ್ಬಟ್ಟಿಗಂತನ ಮಾಡಿದ್ದ ಸಾಮಾನು ನಮ್ಮ ಮನ್ಯಾಗ ಐತಲ್ರಿ!”

ಮರುದಿನ ಬೆಳಗಾಗುತ್ತಲೇ ಕಬ್ಬಿಣದ ಮಂಚದ ಪೈಪಿಗೆ ಸೈಕಲ್ ಟ್ಯೂಬು ಸುತ್ತಿ ಸ್ವಿಚ್ಚು ಬಿಗಿದ. ಎಡಕ್ಕೆ ಸರಿಸಿದರೆ ಅಡುಗೆಮನೆಯ ಬಾಗಿಲ ಮೇಲೆ ಹಸಿರು ದೀಪ: ನೀರು. ಬಲಕ್ಕೆ ಕೆಂಪು: ಮಗ್ಗಲು ಬದಲಿಸಿ. ಹಾರ್ನು: ಯಾರಾದರೂ ಬನ್ನಿ. ಕರೆಂಟು ಹೋದರೇನು, ಬ್ಯಾಟರಿ ಇದೆಯಲ್ಲ! ತಾಯಿಯ ಬೆರಳು ಹಿಡಿದು ಒಂದೊಂದನ್ನೇ ಒತ್ತಿಸಿ ತೋರಿಸಿದ. ಅತ್ತೆ ಸೂರು ನೋಡುತ್ತ ಮಲಗಿದ್ದರು. ಅವನು ಕೈಬಿಟ್ಟ ಮೇಲೆ ಬೆರಳು ಅಲುಗಲಿಲ್ಲ.

ಮಧ್ಯಾಹ್ನ ಗಂಜಿ ತಂದು ಚಮಚ ತುಟಿಗೆ ಒಯ್ದೆ. ಪೇಂ! ಬೆಚ್ಚಿದೆ. ನೀರು ಹಿಡಿದೆ. ಪೇಂ! ದಿಂಬು ಸರಿಸಿದೆ. ಪೇಂ, ಪೇಂ! ಅತ್ತೆಯ ಕಣ್ಣು ನನ್ನ ಮೇಲಿರಲಿಲ್ಲ. ಕಾಲ್ದೆಸೆಯಲ್ಲಿ ವೈರು ಸುತ್ತುತ್ತ ಕೂತಿದ್ದ ಮಗನ ಮೇಲಿತ್ತು. ಆಗ ಹೊಳೆಯಿತು.

“ಮುಂಜಾನಿಂದ ನೀ ಏನೂ ತಿಂದಿಲ್ಲಲ್ಲೋ!”

ಓಡಿಹೋಗಿ ರೊಟ್ಟಿ ಪಲ್ಯ ತಂದು ಅವನ ಕೈಗಿತ್ತೆ. ಹಾರ್ನು ನಿಂತಿತು. ಅವನು ಒಂದು ತುತ್ತು ಮುರಿದು ಬಾಯಿಗಿಟ್ಟ. ಅದನ್ನು ಕಂಡಮೇಲೆ ಅತ್ತೆ ಗಂಜಿಗೆ ಬಾಯಿ ತೆರೆದರು.

“ಅವ್ವ ಬೈದ್ಲ್ರಿ ವೈನಿ,” ಎಂದ ರೊಟ್ಟಿ ತುಂಬಿದ ಬಾಯಲ್ಲಿ, ಕಣ್ಣೂ ಒರೆಸಿಕೊಳ್ಳದೆ. “ಕೇಳಿದ್ರಿಲ್ಲ? ನನ್ನ ಬೈದ್ಲು!”