ಎಮ್ಮೆಯ ಚಿತ್ರದ ಮೇಲಿನ ದೂರನ್ನು ಹಿಂಪಡೆಯುವ ಬಗ್ಗೆ

ಇಂದ:
ಮೊದಲನೇ ಪಾಳಿಯ ತೂಕದ ಗುಮಾಸ್ತ,
ಲಾರಿ ತೂಕದ ಕೋಣೆ, ಹಿಂದಿನ ಗೇಟು,
ಕಾಗದ ಕಾರ್ಖಾನೆ.

ಗೆ:
ಮಾನ್ಯ ಮುಖ್ಯಸ್ಥರು,
ಗಣಕ ವಿಭಾಗ, ಮೂರನೇ ಮಹಡಿ.
(ಲಿಫ್ಟು ಕೆಟ್ಟಿರುವುದರಿಂದ ಮೆಟ್ಟಿಲು ಹತ್ತಿ ಖುದ್ದಾಗಿ ಸಲ್ಲಿಸಲಾಗಿದೆ.)

ವಿಷಯ: ತೂಕದ ಕೋಣೆಯ ಕಂಪ್ಯೂಟರಿನ ಪರದೆಯನ್ನು ಯಾರೋ ಕೆಡಿಸುತ್ತಿದ್ದಾರೆ ಎಂದು ಅರ್ಜಿದಾರನು ಕೊಟ್ಟಿದ್ದ ದೂರನ್ನು ತಾವು ಈಡೇರಿಸಿದ್ದು, ಸದರಿ ಈಡೇರಿಕೆಯನ್ನು ಕೂಡಲೇ ರದ್ದುಪಡಿಸಲು ಕೋರಿ.

ಉಲ್ಲೇಖ: 1. ಅರ್ಜಿದಾರನ ದೂರು, ಎರಡು ವರ್ಷ ಹಳೆಯದು.
2. ಅದೇ ದೂರನ್ನು ನೆನಪಿಸಿ ಬರೆದ ಪತ್ರಗಳು, ಒಂದಕ್ಕಿಂತ ಒಂದು ಖಾರವಾದವು.
3. ಇಬ್ಬರು ಗುಮಾಸ್ತರಿಗೂ ಬೇರೆ ಬೇರೆ ಲಾಗಿನ್ ಕೊಟ್ಟಿರುವ ತಮ್ಮ ಮೊನ್ನೆಯ ಆದೇಶ.

ಮಾನ್ಯರೇ,

ಅರ್ಜಿಗಳಲ್ಲಿ 'ನಾನು' ಎಂಬ ಪದ ಹೆಚ್ಚಾಗಿ, ವಿಷಯ ಕಡಿಮೆಯಾಗುತ್ತಿದೆ ಎಂದು ಆಡಳಿತ ವಿಭಾಗವು ಸುತ್ತೋಲೆ ಹೊರಡಿಸಿರುವ ಕಾರಣ, ಇಲ್ಲಿ 'ಅರ್ಜಿದಾರ' ಎಂದು ಬರುವವನು ನಾನೇ ಎಂದು ತಿಳಿಯತಕ್ಕದ್ದು. ಇದೊಂದು 'ನಾನು' ಮನ್ನಿಸಬೇಕು. ಈ ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ.

1. ತೂಕದ ಕೋಣೆಗೆ ಮೂರು ಕಡೆ ಗಾಜು, ಒಂದು ಕಡೆ ಗೋಡೆ. ಒಳಗೆ ಒಂದು ಮೇಜು, ಒಂದು ಕುರ್ಚಿ, ಒಂದು ಕಂಪ್ಯೂಟರ್, ಮತ್ತು ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುವ ಒಂದು ಫ್ಯಾನು. ರದ್ದಿ ಕಾಗದದ ಲಾರಿ ತುಂಬಿ ಬಂದಾಗ ಒಮ್ಮೆ, ಖಾಲಿಯಾಗಿ ಹೋಗುವಾಗ ಒಮ್ಮೆ ತೂಗುವುದು ಗುಮಾಸ್ತರ ಕೆಲಸ. ಇಬ್ಬರು ಗುಮಾಸ್ತರು ಸೇರಿಕೊಂಡು ತೂಕದಲ್ಲಿ ಕೈಚಳಕ ತೋರಿಸಬಾರದು ಎಂಬ ಕಾರಣಕ್ಕೆ ಅವರಿಬ್ಬರೂ ಏಕಕಾಲದಲ್ಲಿ ಕೋಣೆಯಲ್ಲಿ ಇರಕೂಡದು. ಬೀಗದ ಕೈ ಕಾವಲುಗಾರನ ಮೂಲಕವೇ ಕೈ ಬದಲಾಯಿಸಬೇಕು. ಒಬ್ಬರು ಇನ್ನೊಬ್ಬರಿಗೆ ಚೀಟಿ ಬರೆದಿಡಕೂಡದು. ಫೋನನ್ನು ಗೇಟಿನಲ್ಲೇ ಒಪ್ಪಿಸಬೇಕು. ನಿಯಮದ ಬಗ್ಗೆ ಅರ್ಜಿದಾರನ ತಕರಾರೇನೂ ಇಲ್ಲ. ಆದರೆ ಇದರಿಂದಾಗಿ, ಎರಡನೇ ಪಾಳಿಯವರು ಇದೇ ಕುರ್ಚಿಯಲ್ಲಿ ಕೂರಲು ಶುರುಮಾಡಿ ಎರಡು ವರ್ಷವಾದರೂ ಅರ್ಜಿದಾರನು ಆಕೆಯನ್ನು ಕಂಡಿರುವುದು ಬಸ್ಸಿನ ಕಿಟಕಿಯಿಂದ ಮಾತ್ರ. ಆಕೆಯ ಬಸ್ಸು ಒಳಗೆ ಬರುವ ಹೊತ್ತಿಗೆ ಅರ್ಜಿದಾರನ ಬಸ್ಸು ಹೊರಗೆ ಹೋಗುತ್ತಿರುತ್ತದೆ.

2. ಆಕೆ ಕೆಲಸಕ್ಕೆ ಸೇರಿದ ಮರುದಿನ ಬೆಳಿಗ್ಗೆ ಅರ್ಜಿದಾರನು ಕಂಪ್ಯೂಟರ್ ಹಚ್ಚಿದಾಗ, ಮೊದಲಿದ್ದ ನೀಲಿ ಪರದೆಯ ಜಾಗದಲ್ಲಿ ಕತ್ತಿನವರೆಗೆ ನೀರಿನಲ್ಲಿ ಮುಳುಗಿದ ಒಂದು ಎಮ್ಮೆ ಕಂಡುಬಂದಿತು. ಸದರಿ ಎಮ್ಮೆಯು ಅರ್ಜಿದಾರನನ್ನೇ ನೋಡುತ್ತಿತ್ತು. ಅಕಾರಾದಿಯಾಗಿ ಎಡಬದಿಗೆ ಸಾಲಾಗಿ ನಿಂತಿದ್ದ ಐಕಾನುಗಳು ಎಮ್ಮೆಯ ಮುಖಕ್ಕೆ ಅಡ್ಡ ಬರದಂತೆ ದಿಕ್ಕಾಪಾಲಾಗಿದ್ದವು. ಅಕ್ಷರಗಳು ಒಂದೊಂದೂ ಅಂಗಡಿಯ ಬೋರ್ಡಿನಷ್ಟು ದಪ್ಪಗಿದ್ದವು. ಮೌಸು ಮೇಜಿನ ಎಡಕ್ಕೆ ಹೋಗಿತ್ತು. ಅದನ್ನು ಬಲಕ್ಕೆ ತಂದು ಒತ್ತಿದರೆ, ಬೇಡದ ಪಟ್ಟಿಯೊಂದು ಬಿಚ್ಚಿಕೊಳ್ಳುತ್ತಿತ್ತೇ ಹೊರತು ತೂಕ ದಾಖಲಾಗುತ್ತಿರಲಿಲ್ಲ. ಹೊರಗೆ ಲಾರಿಗಳು ಸಾಲುಗಟ್ಟಿ ಹಾರನ್ ಹೊಡೆಯತೊಡಗಿದವು.

3. ಮೌಸು ಕೆಟ್ಟಿದೆ ಎಂದು ಅರ್ಜಿದಾರನು ವರದಿ ಮಾಡಿದ. ತಮ್ಮ ವಿಭಾಗದ ತಂತ್ರಜ್ಞರು, ಅಂದರೆ ಯಾವ ಕಾಯಿಲೆಗೂ ಒಂದೇ ಮದ್ದು ಕೊಡುವುದರಿಂದ ಕಾರ್ಖಾನೆಯಲ್ಲಿ 'ರೀಸ್ಟಾರ್ಟ್ ಸಾಹೇಬರು' ಎಂದು ಹೆಸರಾದವರು, ಬಂದು ರೀಸ್ಟಾರ್ಟ್ ಮಾಡಿ, ನಂತರ ಮೌಸು ಬದಲಾಯಿಸಿದರು. ಮತ್ತೆ ಬದಲಾಯಿಸಿದರು. ಮೂರನೆಯದನ್ನೂ ಬದಲಾಯಿಸಿದ ಮೇಲೆ, ಎರಡನೇ ಪಾಳಿಯವರು ಎಡಗೈಯವರಾದ್ದರಿಂದ ಮೌಸಿನ ಗುಂಡಿಗಳನ್ನು ಅದಲು ಬದಲು ಮಾಡಿಕೊಂಡಿದ್ದಾರೆ ಎಂಬುದು ಇಬ್ಬರಿಗೂ ಹೊಳೆಯಿತು. ಅರ್ಜಿದಾರನಿಗೆ ಎಲ್ಲಿಲ್ಲದ ಸಿಟ್ಟು ಬಂದು ಉಲ್ಲೇಖ 1ರ ದೂರನ್ನು ಬರೆದ. ಮೊದಲನೇ ಪಾಳಿಯ ಪರದೆ ಮೊದಲನೇ ಪಾಳಿಗೇ ಇರಲಿ, ಎರಡನೆಯವರಿಗೆ ಬೇರೆ ಲಾಗಿನ್ ಕೊಡಿ ಎಂಬುದು ಅದರ ಸಾರಾಂಶ. ತಮ್ಮಿಂದ ಉತ್ತರ ಬರಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದು ಹೇಳುವ ಧೈರ್ಯ ಅರ್ಜಿದಾರನಿಗೆ ಇರುವುದಿಲ್ಲ.

4. ಆ ದಿನಗಳಲ್ಲಿ ಪರದೆಯ ವಿಷಯದಲ್ಲಿ ಅರ್ಜಿದಾರನ ಅಭಿಪ್ರಾಯಗಳು ಹೀಗಿದ್ದವು: ಪರದೆ ಇರುವುದು ಕೆಲಸಕ್ಕೆ, ನೋಡಿ ಆನಂದಪಡಲಿಕ್ಕಲ್ಲ. ಬಿಳಿ ಕಾಗದ, ಕಪ್ಪು ಅಕ್ಷರ ಎಂದು ಲೋಕ ನಡೆದುಬಂದಿರುವಾಗ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮಾಡಿಕೊಳ್ಳುವವರು ಹಗಲಿನಲ್ಲಿ ದೀಪ ಹಿಡಿದು ಓಡಾಡುವವರು. ಫೋನು ಎಂದರೆ ಗುಂಡಿ ಇರಬೇಕು, ಒಮ್ಮೆ ಚಾರ್ಜ್ ಮಾಡಿದರೆ ವಾರ ನಡೆಯಬೇಕು. ಹೊಸ ಆವೃತ್ತಿ ಎಂದರೆ ಹಳೆಯ ಸಾಮಾನನ್ನೇ ಕೈಗೆ ಸಿಗದ ಜಾಗದಲ್ಲಿ ಇಡುವುದು. ಆದ್ದರಿಂದ ಪ್ರತಿದಿನ ಬೆಳಿಗ್ಗೆ ಅರ್ಜಿದಾರನು ಎಮ್ಮೆಯನ್ನು ಅಳಿಸಿ ನೀಲಿ ಬಣ್ಣ ಹಾಕುತ್ತಿದ್ದ. ಪ್ರತಿದಿನ ಸಂಜೆ ಎಮ್ಮೆ ವಾಪಸ್ಸು ಬರುತ್ತಿತ್ತು. ಎರಡೂ ಪಾಳಿಯಲ್ಲಿ ಓಡಾಡುವ ಒಬ್ಬ ಲಾರಿ ಚಾಲಕನಂತೂ ಗಾಜಿನಿಂದ ಇಣುಕಿ, "ಅಣ್ಣಾ, ಎಮ್ಮೆ ಎಲ್ಲಿ ಹೊಡ್ಕೊಂಡು ಹೋದ್ರಿ?" ಎಂದು ಕೇಳಿದ. ಅವನ ಲಾರಿಯನ್ನು ಅರ್ಜಿದಾರನು ನಾಲ್ಕು ಸಲ ತೂಗಿದ.

5. ಒಂದು ಬೆಳಿಗ್ಗೆ ಪರದೆಯ ಮೇಲೆ ಹೊಸ ಫೋಲ್ಡರೊಂದು ಇತ್ತು. ಅದಕ್ಕೆ 'ಕುರ್ಚಿಯ ಎಡಗಾಲು ಅಲುಗಾಡುತ್ತೆ ಹುಷಾರು' ಎಂದು ಹೆಸರಿಡಲಾಗಿತ್ತು. ತೆರೆದು ನೋಡಿದರೆ ಒಳಗೆ ಏನೂ ಇಲ್ಲ. ಖಾಲಿ ಫೋಲ್ಡರಿಗೆ ಇಷ್ಟುದ್ದದ ಹೆಸರು ಯಾಕೆ ಎಂದು ಯೋಚಿಸುತ್ತ ಹಿಂದಕ್ಕೆ ಒರಗಿದ ಅರ್ಜಿದಾರನು ಕುರ್ಚಿ ಸಮೇತ ಉರುಳಿದ. ಎದ್ದು, ಕುರ್ಚಿಯ ಕಾಲಿಗೆ ರಟ್ಟು ಮಡಚಿಟ್ಟು, ತಾನೂ ಒಂದು ಖಾಲಿ ಫೋಲ್ಡರ್ ಮಾಡಿ 'ರಟ್ಟು ಇಟ್ಟಿದ್ದೇನೆ' ಎಂದು ಹೆಸರಿಟ್ಟ. ಚೀಟಿ ಬರೆದಿಡಬಾರದು ಎಂಬ ನಿಯಮದಲ್ಲಿ ಫೋಲ್ಡರಿನ ಪ್ರಸ್ತಾಪ ಇಲ್ಲದಿರುವುದನ್ನು ತಾವು ಗಮನಿಸಬೇಕು.

6. ಅಲ್ಲಿಂದಾಚೆಗೆ ದಿನಕ್ಕೊಂದು ಫೋಲ್ಡರು. ಮಾರನೆಯ ದಿನ ಓದಿದವರು ಅಳಿಸಬೇಕು, ಇಲ್ಲದಿದ್ದರೆ ಎಮ್ಮೆ ಮುಚ್ಚಿಹೋಗುತ್ತದೆ. ಆ ಯಂತ್ರವು ಹೆಸರಿನಲ್ಲಿ ಪ್ರಶ್ನೆಯ ಚಿಹ್ನೆಯನ್ನು ಒಪ್ಪುವುದಿಲ್ಲವಾದ್ದರಿಂದ ಇಬ್ಬರ ಪ್ರಶ್ನೆಗಳೂ ಬಾಲ ಕತ್ತರಿಸಿಕೊಂಡೇ ಓಡಾಡಿದವು. ಆಕೆ ಹೆಜ್ಜೆ ಎಣಿಸುವ ಕೈಗಡಿಯಾರ ಕಟ್ಟುತ್ತಾರೆ, ಅದೂ ಎಡಗೈಗೇ. ರಸೀದಿಗೆ ಮುದ್ರೆ ಒತ್ತುವುದನ್ನೂ ಅದು ಹೆಜ್ಜೆ ಎಂದೇ ಲೆಕ್ಕ ಹಿಡಿಯುತ್ತದಂತೆ. 'ಕೂತಲ್ಲೇ ಪಕ್ಕದ ಊರಿಗೆ ಹೋಗಿ ಬಂದೆ' ಎಂದು ಒಂದು ಫೋಲ್ಡರ್. ಯಂತ್ರಕ್ಕೆ ಹೊಸ ಆವೃತ್ತಿ ಬಂದು, ಮೂಲೆಯಲ್ಲಿದ್ದ ಸ್ಟಾರ್ಟ್ ಗುಂಡಿ ನಡುವಿಗೆ ಬಂದಾಗ ಅರ್ಜಿದಾರನು 'ಹೊಸಿಲು ಕಿತ್ತು ನಡುಮನೆಯಲ್ಲಿಟ್ಟರು' ಎಂದು ಗೋಳಾಡಿದ. 'ನಡುಮನೆಯಲ್ಲಾದರೆ ಎಡಗೈಗೂ ಬಲಗೈಗೂ ಒಂದೇ ದೂರ' ಎಂದು ಉತ್ತರ ಬಂತು. ಅದನ್ನು ಓದಿ ಅರ್ಜಿದಾರನು ಎರಡೂ ಕಡೆಯಿಂದ ಗೇಣು ಹಾಕಿ ಅಳೆದು ನೋಡಿದ. ಎರಡು ಲಾರಿ ಕಾಯಬೇಕಾಯಿತು.

7. ದಪ್ಪ ಅಕ್ಷರದ ವಿಷಯ. ತನಗೆ ವಯಸ್ಸಾಯಿತೆಂದು ಅಣಕಿಸಲು ಹೀಗೆ ಮಾಡಿದ್ದಾರೆ ಎಂದು ಅರ್ಜಿದಾರನು ಮೊದಲು ಭಾವಿಸಿದ್ದ. ಆದರೆ ಮೂರನ್ನು ಎಂಟೆಂದು ಓದಿ ಚಾಲಕರಿಂದ ಬೈಸಿಕೊಳ್ಳುವುದು ನಿಂತಿದೆ ಎಂಬುದು ತಡವಾಗಿ ಗಮನಕ್ಕೆ ಬಂತು. ಆಕೆಗೂ ಸಣ್ಣ ಅಕ್ಷರ ಕಾಣುವುದಿಲ್ಲವಂತೆ. 'ಕನ್ನಡಕ ಮಾಡಿಸ್ಕೋ ಅಂತ ಅಮ್ಮ ಬೈತಾರೆ, ಮನೇಲಿ ನಾವಿಬ್ಬರೇ, ಬೈಯೋಕೆ ಬೇರೆ ಯಾರೂ ಸಿಗಲ್ಲ' ಎಂದು ಬರೆದಿದ್ದರು. ಎಮ್ಮೆಯನ್ನು ಅಳಿಸುವುದನ್ನು ಅರ್ಜಿದಾರನು ಯಾವಾಗ ಬಿಟ್ಟನೋ ಅವನಿಗೇ ನೆನಪಿಲ್ಲ. ಮೌಸನ್ನು ಎಡಗೈಯಲ್ಲೇ ಹಿಡಿಯುವುದನ್ನು ಕಲಿತ. ಮನೆಯಲ್ಲಿ ಊಟಕ್ಕೂ ಎಡಗೈ ಹಾಕಲು ಹೋಗಿ ಅಕ್ಕನಿಂದ ಹೊಡೆಸಿಕೊಂಡ. ಈ ನಡುವೆ ತಮ್ಮ ಕಚೇರಿಯಲ್ಲಿರುವ ದೂರನ್ನು ಹಿಂಪಡೆಯಬೇಕೆಂಬುದು ಮರೆತೇಹೋಯಿತು. ಎರಡು ವರ್ಷ ಅಲುಗಾಡದ ಕಡತ ಇನ್ನು ಅಲುಗಾಡೀತು ಎಂದು ಯಾರು ತಾನೆ ಎಣಿಸಿಯಾರು?

8. ಹೊಡೆದ ಮೇಲೆ ಅಕ್ಕ ವಿಷಯ ಕೆದಕಿದಳು. ಅರ್ಜಿದಾರನು ಮದುವೆಯ ವಯಸ್ಸು ದಾಟಿ, ಅಕ್ಕ ಭಾವನ ಮನೆಯ ಹಿಂದಿನ ಕೋಣೆಯಲ್ಲಿ ಇರುವವನು. ಎಲ್ಲವನ್ನೂ ಕೇಳಿಸಿಕೊಂಡು ಅಕ್ಕ ಹೇಳಿದ್ದು ಇಷ್ಟೇ: "ಫೋಲ್ಡರಿನಲ್ಲಿ ಸಂಸಾರ ಮಾಡೋಕಾಗಲ್ಲ ಕಣೋ. ಹೊರಗೆ ಕರಿ." ಅರ್ಜಿದಾರನು ಗೇಟಿನ ಬಳಿ ಕಾಯಲು ಒಮ್ಮೆ ಪ್ರಯತ್ನಿಸಿದ್ದು ನಿಜ. ಆಕೆ ಬಸ್ಸಿನಿಂದ ಇಳಿದದ್ದೇ ತಡ, ಛತ್ರಿ ಬಿಟ್ಟು ಹೋಗಿದ್ದೆ ಎಂದು ಕಾವಲುಗಾರನಿಗೆ ಹೇಳಿ, ಇಲ್ಲದ ಛತ್ರಿಯನ್ನು ಹುಡುಕಿ ಬಂದ. ಸಂಕೋಚ ಬಿಟ್ಟು ಅರಿಕೆ ಮಾಡುವುದೇನೆಂದರೆ, ಅರ್ಜಿದಾರನಿಗೆ ಆಕೆಯ ಮೇಲೆ ಪ್ರೀತಿ ಇರುತ್ತದೆ.

9. ಕಾರಣ, ಮೊನ್ನೆ ಬುಧವಾರ ಪಾಳಿ ಮುಗಿಯುವಾಗ ಅರ್ಜಿದಾರನು ಒಂದು ಫೋಲ್ಡರ್ ಮಾಡಿ, ಹೆಸರು ಬರೆದು, ಅಳಿಸಿ, ಮತ್ತೆ ಬರೆದು, ಎಮ್ಮೆಯ ಕಿವಿಯ ಪಕ್ಕ ಇಟ್ಟ. ಹೆಸರು ಹೀಗಿತ್ತು: 'ಭಾನುವಾರ ಸಂಜೆ ಐದಕ್ಕೆ ಕಾಲುವೆ ಪಕ್ಕದ ಪಾರ್ಕಿನಲ್ಲಿ ಇರ್ತೀನಿ ನೀವೂ ಬಂದರೆ ಸಂತೋಷ'. ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ.

10. ಗುರುವಾರ ಬೆಳಿಗ್ಗೆ ಬಂದು ನೋಡಿದರೆ ನೀಲಿ ಪರದೆ. ಎಡಬದಿಗೆ ಅಕಾರಾದಿ ಸಾಲು. ಸಣ್ಣ ಅಕ್ಷರ. ಮೌಸು ಬಲಕ್ಕೆ. ಎಲ್ಲವೂ ಅರ್ಜಿದಾರನು ದೂರಿನಲ್ಲಿ ಬೇಡಿದ್ದಂತೆಯೇ, ಒಂದು ಚುಕ್ಕೆಯೂ ತಪ್ಪದಂತೆ. ಬುಧವಾರ ರಾತ್ರಿ ಎರಡನೇ ಪಾಳಿ ಮುಗಿದ ಮೇಲೆ ತಮ್ಮ ವಿಭಾಗದವರು ಬಂದು, ಇಬ್ಬರ ಪರದೆಗಳನ್ನು ಬೇರೆ ಮಾಡಿ ಹೋಗಿದ್ದರು. ಹಿರಿಯರ ಆಸ್ತಿಯಾದರೂ ಪಾಲು ಮಾಡುವಾಗ ಮನೆಯವರನ್ನು ಒಂದು ಮಾತು ಕೇಳುತ್ತಾರೆ.

11. ಅರ್ಜಿದಾರನು ರೀಸ್ಟಾರ್ಟ್ ಸಾಹೇಬರ ಹತ್ತಿರ ಓಡಿದ. ಹಳೆಯ ಪರದೆ ಅಳಿಸಿಹೋಯಿತೇ ಎಂದು ಕೇಳಿದ. ಅವರು ಕನಿಕರದಿಂದಲೇ ಹೇಳಿದರು: "ಇದೆ, ಒಳಗೆ ಹಾಗೇ ಇದೆ. ಬೀಗ ಹಾಕಿದೀವಿ ಅಷ್ಟೇ. ತೆಗೆಯೋಕೆ ಮೇಲಿನವರ ಅಪ್ಪಣೆ ಬೇಕು." ರೀಸ್ಟಾರ್ಟ್ ಮಾಡಿದರೆ ಆಗದೇ ಎಂದು ಅರ್ಜಿದಾರನೇ ಕೇಳಿದ. ಆಗುವುದಿಲ್ಲ ಎಂದರು. ಅವರ ಬಾಯಿಂದ ಆ ಮಾತು ಕೇಳಿದ ಮೊದಲಿಗ ಅರ್ಜಿದಾರನೇ ಇರಬೇಕು.

12. ಹೀಗಾಗಿ ಸದ್ಯದ ಸ್ಥಿತಿ ಏನೆಂದರೆ: ಆಕೆ ಬುಧವಾರ ಸಂಜೆ ಫೋಲ್ಡರನ್ನು ಓದಿರಬಹುದು. ಓದಿ ಉತ್ತರ ಇಟ್ಟಿರಬಹುದು. ಇಟ್ಟಿದ್ದರೆ ಅದು ಬೀಗದ ಒಳಗಿದೆ. ಬರುತ್ತೇನೆ ಎಂದಿದೆಯೋ, ಇನ್ನು ಮೇಲೆ ಹೀಗೆಲ್ಲ ಬರೆಯಬೇಡಿ ಎಂದಿದೆಯೋ ಅರ್ಜಿದಾರನಿಗೆ ತಿಳಿಯದು. ಗುರುವಾರದಿಂದ ತನ್ನ ಪರದೆ ಬರಿದಾಗಿರುವುದನ್ನು ಆಕೆ ಕಂಡು, ಕರೆದವನೇ ಹೆದರಿ ಎಲ್ಲವನ್ನೂ ಅಳಿಸಿಬಿಟ್ಟ ಎಂದುಕೊಂಡಿದ್ದರೆ, ಅದು ಅರ್ಜಿದಾರನಿಗೆ ಸಹಿಸಲಾಗದ ಮಾತು. ಇದಕ್ಕೆಲ್ಲ ಕಾರಣವಾದ ದೂರು ಅರ್ಜಿದಾರನದೇ ಎಂದು ಆಕೆಗೆ ಗೊತ್ತಾಗುವುದು ಅದಕ್ಕಿಂತ ಸ್ವಲ್ಪ ಕಡಿಮೆ ಸಂಕಟ. ಈವತ್ತು ಶುಕ್ರವಾರ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ:

(ಅ) ಉಲ್ಲೇಖ 3ರ ಆದೇಶವನ್ನು ರದ್ದುಪಡಿಸಿ, ಎಮ್ಮೆ, ದಪ್ಪ ಅಕ್ಷರ ಮತ್ತು ಎಡಗೈ ಮೌಸಿನ ಸಮೇತ ಹಳೆಯ ಪರದೆಯನ್ನು ಇಬ್ಬರಿಗೂ ಒಟ್ಟಿಗೇ ಮರಳಿಸಬೇಕು.

(ಆ) ಅದು ಸಾಧ್ಯವಿಲ್ಲದಿದ್ದಲ್ಲಿ ಹಳೆಯ ಪರದೆಯನ್ನು ಒಂದು ಸಲ ತೆರೆದು, ಎಮ್ಮೆಯ ಕಿವಿಯ ಆಸುಪಾಸಿನಲ್ಲಿ ಆಕೆಯ ಫೋಲ್ಡರ್ ಏನಾದರೂ ಇದೆಯೇ ಎಂದು ನೋಡಿ ಹೇಳಬೇಕು. ನೋಡುವವರು ರೀಸ್ಟಾರ್ಟ್ ಸಾಹೇಬರೇ ಆಗಿರಲಿ. ಗಟ್ಟಿಯಾಗಿ ಓದಬಾರದು, ಚಾಲಕರಿಗೆ ಗಾಜಿನಾಚೆಯಿಂದಲೂ ಕೇಳಿಸುತ್ತದೆ.

(ಇ) ಫೋಲ್ಡರ್ ಇಲ್ಲ ಎಂದಾದರೆ ಅದನ್ನು ಲಿಖಿತವಾಗಿ ಕೊಡಬಾರದು. ಬಾಯಲ್ಲಿ ಹೇಳಿದರೆ ಸಾಕು.

ಅರ್ಜಿಯನ್ನು ಎಂದಿನ ವೇಗದಲ್ಲಿ ವಿಲೇವಾರಿ ಮಾಡಿದಲ್ಲಿ ಮುಂದಿನ ಉತ್ತರ ಬರುವಷ್ಟರಲ್ಲಿ ಇಬ್ಬರೂ ನಿವೃತ್ತರಾಗಿರುತ್ತಾರೆ. ತಾವು ಏನೇ ಆದೇಶ ಮಾಡಿದರೂ, ಮಾಡದಿದ್ದರೂ, ಅರ್ಜಿದಾರನು ಭಾನುವಾರ ಪಾರ್ಕಿಗೆ ಹೋಗುವವನೇ ಎಂದು ಈ ಮೂಲಕ ತಿಳಿಸಲಾಗಿದೆ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿಯೇ ಆದ,
(ಸಹಿ)
ಮೊದಲನೇ ಪಾಳಿಯ ತೂಕದ ಗುಮಾಸ್ತ

ಅಡಕಗಳು:
1. ಮೂಲ ದೂರಿನ ನಕಲು. (ಭಾಷೆ ಬಿರುಸಾಗಿದೆ. ಬರೆದವನಿಗೆ ಈಗ ನಾಚಿಕೆಯಾಗುತ್ತದೆ.)
2. ಕೆಟ್ಟಿವೆ ಎಂದು ಬದಲಾಯಿಸಲಾದ, ಕೆಡದೇ ಇರುವ ಮೌಸುಗಳು, ಮೂರು.
3. ಎಮ್ಮೆಯ ಚಿತ್ರ: ತಮ್ಮ ವಶದಲ್ಲೇ ಇರುವುದರಿಂದ ಲಗತ್ತಿಸಿಲ್ಲ.

ಪ್ರತಿ: ಎರಡನೇ ಪಾಳಿಯ ತೂಕದ ಗುಮಾಸ್ತರಿಗೆ. ಅದೇ ಯಂತ್ರವನ್ನು ಬಳಸುವವರಾದ್ದರಿಂದ ನಿಯಮದ ಪ್ರಕಾರ, ಗೇಟಿನ ಟಪಾಲಿನ ಮೂಲಕ, ಇಂದೇ. ಮಾಹಿತಿಗಾಗಿ ಹಾಗೂ ಭಾನುವಾರ ಸಂಜೆ ಐದಕ್ಕೆ ಸೂಕ್ತ ಕ್ರಮಕ್ಕಾಗಿ.